ಹಾಡುವವರ ಕಿವಿಗೆ ವಿಳಂಬ ತಾಗದಂತೆ

ಮನೆಯ ಒಂದು ಕೋಣೆಯಲ್ಲಿ ಭಾವಗೀತೆಗಳನ್ನು ಧ್ವನಿಮುದ್ರಿಸುತ್ತೇನೆ. ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶ, ಎರಡು ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಸಾಧಾರಣ ಲ್ಯಾಪ್‌ಟಾಪ್, ಇಷ್ಟೇ ಸಲಕರಣೆ. ಹೆಡ್‌ಫೋನ್ ಹಾಕಿಕೊಂಡ ಗಾಯಕರು ಮೊದಲು ಕೇಳುವುದು, “ಸ್ವಲ್ಪ ಎಕೋ ಕೊಡಿ ಸರ್.” ಕೇಳುವುದು ನ್ಯಾಯವೇ. ಒಣ ದನಿಯನ್ನು ಕೇಳಿಸಿಕೊಳ್ಳುತ್ತ ಹಾಡಿದರೆ ಗಮಕಗಳು ಮುದುಡುತ್ತವೆ, ಉಸಿರು ಬಿಗಿಯುತ್ತದೆ. ಆದರೆ ಎಕೋ ಸೇರಿಸಲು ದನಿಯನ್ನು ಕಂಪ್ಯೂಟರಿಗೆ ಹಾಯಿಸಿದರೆ ಅದು ತಡವಾಗಿ ಮರಳುತ್ತದೆ.

ಎಷ್ಟು ತಡ ಎಂಬುದು ಬಫರ್ ಗಾತ್ರದ ಮೇಲೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕಿನ ಮೇಲೆ ನಿಂತಿದೆ. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಬಿಡಿ ಅಳತೆ) ದರದಲ್ಲಿ 256 ಸ್ಯಾಂಪಲ್‌ಗಳ ಬಫರ್ ಎಂದರೆ 5.3 ಮಿಲಿಸೆಕೆಂಡು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಇನ್ನೊಮ್ಮೆ. ಡ್ರೈವರ್ (ಇಂಟರ್‌ಫೇಸನ್ನು ನಡೆಸುವ ತಂತ್ರಾಂಶ) ಮತ್ತು ದನಿಯನ್ನು ಅಂಕಿಗಳಾಗಿಸಿ ಮತ್ತೆ ದನಿಯಾಗಿಸುವ ಪರಿವರ್ತಕಗಳ ಪಾಲೂ ಸೇರಿದರೆ ಹನ್ನೊಂದು ಮಿಲಿಸೆಕೆಂಡನ್ನು ದಾಟುತ್ತದೆ. ಗಾಳಿಯಲ್ಲಿ ಶಬ್ದ ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಇದು ನಾಲ್ಕು ಮೀಟರ್ ಆಚೆಯ ಸ್ಪೀಕರನ್ನು ಕೇಳಿದಷ್ಟೇ ತಡ. ತಬಲಾ ನುಡಿಸುವವರು ಇದಕ್ಕೆ ಒಗ್ಗಿಕೊಳ್ಳುತ್ತಾರೆ. ಹಾಡುವವರ ಪಾಡು ಬೇರೆ. ಅವರ ದನಿ ತಲೆಬುರುಡೆಯ ಮೂಳೆಗಳ ಮೂಲಕ ಆಗಲೇ ಒಳಕಿವಿಯನ್ನು ಮುಟ್ಟಿರುತ್ತದೆ. ತಡವಾಗಿ ಬಂದ ಪ್ರತಿ ಅದರೊಂದಿಗೆ ಬೆರೆತಾಗ ಕೆಲವು ಆವರ್ತನಗಳು ಅಳಿಸಿಹೋಗುತ್ತವೆ. ಒಂದೇ ಮಿಲಿಸೆಕೆಂಡು ತಡವಾದರೂ 500, 1,500, 2,500 ಹರ್ಟ್ಜ್‌ಗಳಲ್ಲಿ ದನಿ ಕುಸಿಯುತ್ತದೆ. “ನನ್ನ ದನಿ ಯಾಕೋ ಟೊಳ್ಳಾಗಿ ಕೇಳುತ್ತಿದೆ” ಎಂದು ಗಾಯಕಿಯೊಬ್ಬರು ಹೇಳಿದರೆ ನಾನು ಮೈಕನ್ನು ಅನುಮಾನಿಸುವುದಿಲ್ಲ, ಮೊದಲು ಬಫರ್ ನೋಡುತ್ತೇನೆ.

ಪರಿಹಾರವಾಗಿ ಒಣ ದನಿಯನ್ನೂ ಎಕೋವನ್ನೂ ಬೇರೆ ಬೇರೆ ದಾರಿಯಲ್ಲಿ ಕಳುಹಿಸುತ್ತೇನೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ಒಣ ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ನೇರವಾಗಿ ಹೆಡ್‌ಫೋನಿಗೆ ಸೇರುತ್ತದೆ. ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಚಾಲೂ ಇಟ್ಟು, ಅದು ಮುಖ್ಯ ಔಟ್‌ಪುಟ್‌ಗೆ ನೇರವಾಗಿ ಹೋಗದಂತೆ ಮಾಸ್ಟರ್ ಸೆಂಡ್ ತೆಗೆದು, ಇನ್ನೊಂದು ಟ್ರ್ಯಾಕಿನಲ್ಲಿ ಕೂರಿಸಿದ, ಎಕೋ ಹುಟ್ಟಿಸುವ ರಿವರ್ಬ್‌ಗೆ ಮಾತ್ರ ಸೆಂಡ್ ಕೊಡುತ್ತೇನೆ. ಆ ರಿವರ್ಬ್‌ನ ಡ್ರೈ (ಒಣ ದನಿಯ) ಸ್ಲೈಡರ್ ಪೂರ್ತಿ ಕೆಳಗಿರಬೇಕು. ಈಗ ತಡವಾಗಿ ಬರುವುದು ಎಕೋ ಮಾತ್ರ. ಎಕೋ ತಡವಾಗಿ ಬರುವುದೇ ಸಹಜ. ಸಭಾಂಗಣದಲ್ಲೂ ಗೋಡೆಗೆ ತಾಗಿದ ದನಿ ಮರಳಲು ಹೊತ್ತು ಬೇಕು. ಮಿಕ್ಸಿಂಗ್‌ನಲ್ಲಿ ನಾವೇ ಬೇಕೆಂದು ಇಡುವ ಪ್ರಿ-ಡಿಲೇ (ಎಕೋಗೆ ಮುಂಚಿನ ಬಿಡುವು) ಇಲ್ಲಿ ಬಿಟ್ಟಿಯಾಗಿ ಸಿಕ್ಕಂತಾಯಿತು. 512ರ ಬಫರ್‌ನಲ್ಲೂ ಗಾಯಕರು ನೆಮ್ಮದಿಯಾಗಿ ಹಾಡುತ್ತಾರೆ, ಹಳೆಯ ಲ್ಯಾಪ್‌ಟಾಪ್ ಚಟಚಟ ಎನ್ನುವುದಿಲ್ಲ. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಉಪಾಯ ಇದು.

ತಂತ್ರಾಂಶದೊಳಗೆ ದನಿಯನ್ನು ತಿದ್ದುವ ಪುಟ್ಟ ಸಾಧನಗಳಾದ ಪ್ಲಗ್‌ಇನ್‌ಗಳು ತರುವ ವಿಳಂಬ ಬೇರೆಯದೇ. ದನಿ ಮಿತಿ ಮೀರದಂತೆ ತಡೆಯುವ, ಲುಕ್‌ಅಹೆಡ್ ಇರುವ ಲಿಮಿಟರ್ ಮುಂದೆ ಬರುವ ಏರನ್ನು ಮೊದಲೇ ನೋಡಬೇಕು, ಅದಕ್ಕಾಗಿ ದನಿಯನ್ನು ತಡೆದಿಡುತ್ತದೆ. ಆವರ್ತನಗಳನ್ನು ಏರಿಸಿ ಇಳಿಸುವ ಈಕ್ಯೂಗಳಲ್ಲಿ ಲೀನಿಯರ್ ಫೇಸ್ ಬಗೆಯದು ಕೂಡ ತಡೆದಿಡುತ್ತದೆ. ರೀಪರ್‌ನಲ್ಲೇ ಬರುವ ರೀಇಕ್ಯೂ ಎಂಬ ಈಕ್ಯೂ ಹಾಗೆ ಮಾಡುವುದಿಲ್ಲ, ಗದ್ದಲ ಕಳೆಯಲು ಬಳಸುವ ರೀಫರ್ ಮಾಡುತ್ತದೆ. ಪ್ಲಗ್‌ಇನ್ ಕಿಟಕಿಯ ಕೆಳಗೆ ಸ್ಯಾಂಪಲ್ ಲೆಕ್ಕದಲ್ಲಿ ಇದು ಕಾಣುತ್ತದೆ. ಮಿಕ್ಸಿಂಗ್ ವೇಳೆ ತಂತ್ರಾಂಶವೇ ಇದನ್ನು ಸರಿದೂಗಿಸುತ್ತದೆ: ಪಂಕ್ತಿಯ ಕೊನೆಯ ಎಲೆಗೆ ಬಡಿಸುವವರೆಗೆ ಎಲ್ಲರೂ ಕಾಯುವಂತೆ, ಅತಿ ನಿಧಾನದ ಟ್ರ್ಯಾಕಿಗಾಗಿ ಉಳಿದವೂ ಕಾಯುತ್ತವೆ. ಆದರೆ ಇನ್ನೂ ಹಾಡದ ಸ್ವರವನ್ನು ಯಾವ ತಂತ್ರಾಂಶವೂ ಮುಂಚಿತವಾಗಿ ತರಲಾರದು. ಆದ್ದರಿಂದ ಧ್ವನಿಮುದ್ರಣ ಮುಗಿಯುವವರೆಗೆ ಮಾಸ್ಟರ್‌ನ ಭಾರದ ಪ್ಲಗ್‌ಇನ್‌ಗಳನ್ನು ಆಫ್‌ಲೈನ್ ಮಾಡಿ, ಅಂದರೆ ಪೂರ್ತಿ ನಿಲ್ಲಿಸಿಬಿಡುತ್ತೇನೆ.

ಕೆಲವು ಪ್ಲಗ್‌ಇನ್‌ಗಳು ತಮ್ಮ ವಿಳಂಬವನ್ನು ತಂತ್ರಾಂಶಕ್ಕೆ ತಪ್ಪಾಗಿ ವರದಿ ಮಾಡುತ್ತವೆ. ಉಚಿತವಾಗಿ ಸಿಕ್ಕಿದ ಒಂದು ಕಂಪ್ರೆಸರನ್ನು (ದನಿಯ ಏರುಗಳನ್ನು ಒತ್ತುವ ಪ್ಲಗ್‌ಇನ್) ತಬಲಾದ ನಕಲು ಟ್ರ್ಯಾಕಿಗೆ ಹಾಕಿ ಮೂಲದೊಂದಿಗೆ ಬೆರೆಸಿದಾಗ ಎಡಗೈ ತಬಲಾದ ತುಂಬುನಾದ ತೆಳ್ಳಗಾಯಿತು. ಕಂಪ್ರೆಸರ್ ಏನೂ ಒತ್ತದಂತೆ ಹೊಂದಿಸಿ, ನಕಲಿನ ಪೊಲಾರಿಟಿ ತಿರುಗಿಸಿದೆ, ಅಂದರೆ ಅದರ ಅಲೆಯನ್ನು ತಲೆಕೆಳಗಾಗಿಸಿದೆ. ವರದಿ ಸರಿಯಿದ್ದರೆ ಎರಡೂ ಸೇರಿ ನಿಶ್ಶಬ್ದವಾಗಬೇಕಿತ್ತು, ಚರಚರ ಸದ್ದು ಉಳಿಯಿತು. ನಕಲಿನ ಸಮಯವನ್ನು ಒಂದೊಂದೇ ಸ್ಯಾಂಪಲ್ ಹಿಂದೆ ಸರಿಸುತ್ತ ಹೋದಾಗ ಒಂದು ಹಂತದಲ್ಲಿ ಪೂರ್ತಿ ಮೌನ. ಆ ಸಂಖ್ಯೆಯನ್ನು ಪ್ರಿಸೆಟ್ ಆಗಿ ಉಳಿಸಿಕೊಂಡಿದ್ದೇನೆ.

ಮುದ್ರಿತ ದನಿ ಟ್ರ್ಯಾಕಿನಲ್ಲಿ ಸರಿಯಾದ ಜಾಗದಲ್ಲಿ ಕೂರುತ್ತಿದೆಯೇ ಎಂದು ನೋಡಲು ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಕೇಬಲ್ ಜೋಡಿಸಿ ಒಂದು ಕ್ಲಿಕ್ ಮುದ್ರಿಸುತ್ತೇನೆ. ಮೂಲಕ್ಕೂ ಪ್ರತಿಗೂ ನಡುವೆ ಉಳಿದ ಸ್ಯಾಂಪಲ್‌ಗಳನ್ನು ಆದ್ಯತೆಗಳಲ್ಲಿರುವ ಮ್ಯಾನುಯಲ್ ಆಫ್‌ಸೆಟ್ ಅಂಕಣದಲ್ಲಿ ತುಂಬಿದರೆ ಸಾಕು. ಡ್ರೈವರ್ ಹೊಸದಾದಾಗಲೂ ಸ್ಯಾಂಪಲ್ ದರ ಬದಲಾದಾಗಲೂ ಈ ಅಳತೆಯನ್ನು ಮತ್ತೆ ತೆಗೆದುಕೊಳ್ಳುತ್ತೇನೆ.