ಥಾಂಕಾ ಶೈಲಿಯಲ್ಲಿ ಜೋಡಿ ಮೀನು, ಬಲಮುರಿ ಶಂಖ ಬರೆಯುವ ಬಗೆ

ಥಾಂಕಾ ಎಂದರೆ ಬಟ್ಟೆಯ ಮೇಲೆ ಬರೆಯುವ ಟಿಬೆಟಿನ ಬೌದ್ಧ ಚಿತ್ರ. ಕೋಲಾರದ ಬೋರ್‌ವೆಲ್ ನೀರಲ್ಲಿ ಬಣ್ಣ ಕಲಸಲೇಬೇಡಿ. ಗಡಸು ನೀರಿನ ಉಪ್ಪು ಒಣಗಿದ ಮೇಲೆ ಕಡುನೀಲಿಯಲ್ಲಿ ಬಿಳಿ ಮಬ್ಬಾಗಿ ಏಳುತ್ತದೆ, ಒರೆಸಿದರೆ ಬಣ್ಣವೂ ಬರುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಸಾಕು, ಮಳೆನೀರಾದರೆ ಇನ್ನೂ ಒಳ್ಳೆಯದು.

12x16 ಇಂಚಿನ ಸಣ್ಣ ನೇಯ್ಗೆಯ ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ತೊಳೆದು ಚೌಕಟ್ಟಿಗೆ ದಾರದಿಂದ ಬಿಗಿಯಿರಿ. 10 ಗ್ರಾಂ ಸರೇಸನ್ನು (ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು) 120 ಮಿ.ಲೀ. ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಮೊದಲು ಬರೀ ಸರೇಸು ಒಂದು ಕೈ. ಅದು ಒಣಗಿದ ಮೇಲೆ ಮಿಕ್ಕ ಸರೇಸಿಗೆ ಸೀಮೆಸುಣ್ಣದ ಪುಡಿ ಕಲಸಿ ಎರಡೂ ಬದಿಗೆ ತೆಳ್ಳಗೆ ಎರಡೆರಡು ಕೈ ಬಳಿದು, ತುಸು ತೇವ ಮಾಡಿ ನುಣುಪು ಕಲ್ಲಿನಿಂದ ಉಜ್ಜಿ. ಸರೇಸು ಜಾಸ್ತಿಯಾದರೆ ಸುತ್ತಿದಾಗ ಬಿರುಕು ಬಿಡುತ್ತದೆ, ಕಮ್ಮಿಯಾದರೆ ಬೆರಳಿಗೆ ಪುಡಿ ಹತ್ತುತ್ತದೆ.

ಅಷ್ಟಮಂಗಲದಲ್ಲಿ, ಅಂದರೆ ಬೌದ್ಧರ ಎಂಟು ಶುಭಚಿಹ್ನೆಗಳಲ್ಲಿ, ಮೀನಿನ ಜೋಡಿ ಮೂಲತಃ ಗಂಗೆ-ಯಮುನೆ. ಸಂಸಾರಸಾಗರದಲ್ಲಿ ಮುಳುಗುವ ಭಯವಿಲ್ಲದೆ ಈಜುವುದರ ಗುರುತೂ ಹೌದು. ಹೆಚ್ಚಾಗಿ ಗೆಂಡೆಯ ರೂಪದಲ್ಲಿ, ನೆಟ್ಟಗೆ ನಿಲ್ಲಿಸಿ, ಮುಖಗಳು ಎದುರುಬದುರಾಗುವಂತೆ ಬರೆಯುತ್ತಾರೆ. ಕೆರೆ ಮೀನು ನೋಡಿ ಬರೆಯುವುದಾದರೆ ಕಾಟ್ಲಾ ಬೇಡ, ಅದಕ್ಕೆ ಮೀಸೆಯಿಲ್ಲ, ಬಾಯಿಯೂ ಮೇಲ್ಮುಖ. ಸಾಮಾನ್ಯ ಗೆಂಡೆಗೆ ಬಾಯಿಯಂಚಿನಲ್ಲಿ ಎರಡು ಜೊತೆ ಮೀಸೆಗಳಿವೆ. ಮೈಗೆ ಮೊದಲು ಹಳದಿ ಕಾವಿ, ಮೇಲೆ ಚಿನ್ನ. ಹಿತ್ತಾಳೆ ಪುಡಿಯ ಬಣ್ಣ ಬರಬರುತ್ತಾ ಕಪ್ಪಾಗುತ್ತದೆ. ನಿಜ ಚಿನ್ನ ದುಬಾರಿಯೆನಿಸಿದರೆ ಅಭ್ರಕದ ಪುಡಿಯ ಬಣ್ಣ ತಗೊಳ್ಳಿ.

ಎಲ್ಲರೂ ಎಡವುವುದು ಶಂಖದಲ್ಲಿ. ಧರ್ಮದ ದನಿ ದಿಕ್ಕುದಿಕ್ಕಿಗೂ ಮುಟ್ಟುವುದರ ಗುರುತಾದ ಇದು ಬಲಮುರಿಯೇ ಆಗಬೇಕು, ಬಾಯಿ ನೋಡುವವರ ಬಲಕ್ಕೆ. ದೇವರ ಮನೆಯ ಶಂಖ ಸಾಮಾನ್ಯವಾಗಿ ಎಡಮುರಿ. ಅದನ್ನು ಎದುರಿಗಿಟ್ಟುಕೊಂಡು ಬರೆದರೆ ಗುರುತೇ ತಿರುವುಮುರುವು. ಟ್ರೇಸಿಂಗ್ ಹಾಳೆ ಮಗುಚಿ ಬಿದ್ದರೂ ಅಷ್ಟೇ, ಮೂಲೆಯಲ್ಲೊಂದು ಬಾಣದ ಗುರುತು ಹಾಕಿಟ್ಟುಕೊಳ್ಳಿ.

ಇನ್ನು ನೀರು. ನೆರಳು, ಪ್ರತಿಬಿಂಬ ಹಿಡಿಯುವ ಚಟ ಬಿಡಿ, ಇಲ್ಲಿ ನೀರೆಂದರೆ ಗೆರೆ. ತಿಳಿನೀಲಿ ತೆಳ್ಳಗೆ ಮೂರು ಕೈ. ಅದರ ಮೇಲೆ ನಡುವಿನಿಂದ ದಡದತ್ತ ತಿಳಿಯಾಗುವಂತೆ ಕಡುನೀಲಿ ನೆರಳು ಕೊಡಿ. ಕೆಳಗಿನ ಪದರ ಪೂರ್ತಿ ಒಣಗದೆ ಕುಂಚ ಆಡಿಸಿದರೆ ಬಣ್ಣಕ್ಕೆ ಬೆರೆಸಿದ ಸರೇಸು ಮತ್ತೆ ಕರಗಿ ಬಣ್ಣ ಎದ್ದುಬರುತ್ತದೆ. ಅಲೆಗಳನ್ನು ಸುಮಾರು 2 ಮಿ.ಮೀ. ಅಂತರದ ಸಾಲುಗೆರೆಗಳಲ್ಲಿ ಎಳೆದು, ತುದಿಗೆ ಬಿಳಿ ನೊರೆಯ ಸುರುಳಿ ಕೊಡಿ. ಗೆರೆ ಕೈಬೆರಳಿನಿಂದಲ್ಲ, ಮಣಿಕಟ್ಟಿನಿಂದ ಬರಬೇಕು.

ಉಳಿದ ಸರೇಸನ್ನು ಫ್ರಿಜ್‌ನಲ್ಲಿಡಿ. ಏಪ್ರಿಲ್ ಬಿಸಿಲಿಗೆ ಹೊರಗಿಟ್ಟರೆ ಬೇಗ ನಾರುತ್ತದೆ, ನಾತ ಹಿಡಿದದ್ದು ಅಂಟುವುದೂ ಇಲ್ಲ.