ಹತ್ತು ಕಿಲೋಮೀಟರ್ ಅಡ್ಡ ಬಾವಿಯಲ್ಲಿ ಕಿಕ್ ಬಂದರೆ ಏನು ಮಾಡಬೇಕು?

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ವಿಚ್ ಫಾರ್ಮ್ ಎಂಬ ಎಣ್ಣೆ ನಿಕ್ಷೇಪವಿದೆ. ಅದರ ಒಂದು ಭಾಗ ಸಮುದ್ರದ ಅಡಿಗೆ ಚಾಚಿದೆ. ನೀರಿನಲ್ಲಿ ಕೃತಕ ದ್ವೀಪ ಕಟ್ಟುವ ಯೋಚನೆ ಬಿಟ್ಟು, ದಡದಿಂದಲೇ ಅಡ್ಡಕ್ಕೆ ಕೊರೆದರು. 1999ರ ಎಂ-16 ಬಾವಿ ಅಡ್ಡಕ್ಕೆ ಸುಮಾರು 10.7 ಕಿ.ಮೀ. ಹೋಯಿತು. ನೇರ ಆಳ ಮಾತ್ರ 1,600 ಮೀಟರ್ ಚಿಲ್ಲರೆ!

ಕೊರೆಯುವಾಗ ಬಂಡೆಯೊಳಗಿನ ಗ್ಯಾಸ್ ಅಥವಾ ಎಣ್ಣೆ ಬಾವಿಗೆ ನುಗ್ಗಿದರೆ ಅದೇ ಕಿಕ್. ಕೊರೆಯುವಾಗ ಪೈಪಿನೊಳಗಿಂದ ಕೆಳಗಿಳಿದು ಪೈಪಿನ ಹೊರಬದಿಯಿಂದ ಮೇಲೆ ಬರುವ ಭಾರದ ದ್ರವವೇ ಮಡ್. ಕಿಕ್ ಅನ್ನು ತಡೆದು ನಿಲ್ಲಿಸುವುದು ಮಡ್‌ನ ತೂಕ.

ಮೊದಲು ಲೆಕ್ಕ ಸರಿ ಇರಲಿ. ಮನೆಯ ನಲ್ಲಿಯ ರಭಸ ಟ್ಯಾಂಕಿನ ಎತ್ತರ ನೋಡಿ ಹೇಳುತ್ತೇವೆ, ಪೈಪಿನ ಉದ್ದ ನೋಡಿ ಅಲ್ಲ, ಅಲ್ವಾ? ಇಲ್ಲೂ ಹಾಗೇ. ನೀರಿಗಿಂತ 1.2 ಪಟ್ಟು ತೂಕದ ಮಡ್ 1,600 ಮೀಟರ್ ಆಳದಲ್ಲಿ ಸುಮಾರು 188 ಬಾರ್ ಒತ್ತಡ ಕೊಡುತ್ತದೆ. ಉದ್ದ ಕಾಡುವುದು ಪಂಪ್ ಓಡುವಾಗ. ಅಷ್ಟು ದೂರದ ತಿಕ್ಕಾಟದ ಒತ್ತಡವೂ ಸೇರಿ ಬಂಡೆ ಬಿರುಕು ಬಿಡಬಹುದು. ಪಂಪ್ ನಿಂತ ಕೂಡಲೇ ಆ ಒತ್ತಡ ಮಾಯ. ಗ್ಯಾಸ್ ನುಗ್ಗುವುದು ಆಗಲೇ.

ಆದ್ದರಿಂದ ಪೈಪ್ ಜೋಡಿಸಲು ಪಂಪ್ ನಿಲ್ಲಿಸಿದಾಗಲೆಲ್ಲ ಮಡ್ ಟ್ಯಾಂಕಿನ ಮಟ್ಟ ಬರೆದಿಡಿ. ಬಿರುಕಿಗೆ ಹೋದ ಮಡ್ ವಾಪಸ್ ಬಂದರೂ ಮಟ್ಟ ಏರುತ್ತದೆ, ಆದರೆ ಆ ಹರಿವು ಬರಬರುತ್ತಾ ಕಮ್ಮಿಯಾಗುತ್ತದೆ. ಕಿಕ್ ಆದರೆ ನಿಲ್ಲುವುದಿಲ್ಲ. ಅನುಮಾನ ಬಂದರೆ ಕಾಯಬೇಡಿ: ಬಿಟ್ (ಕೊರೆಯುವ ತುದಿ) ಅನ್ನು ತಳದಿಂದ ಎತ್ತಿ, ತಿರುಗಿಸುವುದು ನಿಲ್ಲಿಸಿ, ಪಂಪ್ ಆಫ್ ಮಾಡಿ, ಬಿಒಪಿ (ಬಾವಿಯ ಬಾಯಿ ಬಂದ್ ಮಾಡುವ ಕವಾಟ) ಮುಚ್ಚಿ.

ಈಗ ಪೈಪಿನೊಳಗಿನ ಒತ್ತಡ, ಹೊರಬದಿಯ (ಪೈಪಿಗೂ ಬಾವಿಯ ಗೋಡೆಗೂ ನಡುವಿನ) ಒತ್ತಡ ಎರಡನ್ನೂ ಓದಿ. ನೇರ ಬಾವಿಯಲ್ಲಿ ಗ್ಯಾಸ್ ಬಂದರೆ ಹೊರಬದಿಯದ್ದು ಜಾಸ್ತಿ ತೋರಿಸುತ್ತದೆ. ಅಡ್ಡ ಬಾವಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬಹುದು. ಗ್ಯಾಸ್ ಮಲಗಿದ ಭಾಗದಲ್ಲೇ ಇರುವುದರಿಂದ ಮಡ್ ಕಂಬದ ಎತ್ತರ ಕುಗ್ಗಿರುವುದಿಲ್ಲ. ಅದನ್ನು ನೋಡಿ ಗ್ಯಾಸ್ ಅಲ್ಲ ಅಂದುಕೊಂಡರೆ ಕೆಟ್ಟಿತು.

ಪೈಪಿನ ಒತ್ತಡ 10 ಬಾರ್ ಇದ್ದರೆ ಹೊಸ ಮಡ್ 1.27 ತೂಕ ಬೇಕು. ಮೊದಲ ಸುತ್ತಿನಲ್ಲಿ ಹಳೆಯ ಮಡ್‌ನಿಂದಲೇ ಗ್ಯಾಸ್ ಹೊರಹಾಕಿ, ಎರಡನೆಯದರಲ್ಲಿ ಭಾರದ ಮಡ್ ತುಂಬುವ ಕ್ರಮ ಇಲ್ಲಿ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಗಂಟೆಗಟ್ಟಲೆ ಏನೂ ಆಗದಂತೆ ಕಾಣುತ್ತದೆ. ಗ್ಯಾಸ್ ಬಾಗು ದಾಟಿ ಮೇಲೇರಲು ಶುರುವಾಯಿತೋ, ಹಿಗ್ಗುತ್ತದೆ. ತಳದಲ್ಲಿ ಒಂದು ಬಕೆಟ್ ಇದ್ದದ್ದು ಮೇಲೆ ಬರುವಷ್ಟರಲ್ಲಿ ನೂರು ಬಕೆಟ್ ಮೀರುತ್ತದೆ. ಚೋಕ್ (ಹೊರಬರುವ ಹರಿವನ್ನು ಹಿಡಿತದಲ್ಲಿಡುವ ಕವಾಟ) ಹಿಡಿದವರು ಆ ಹೊತ್ತಿಗೆ ಕಣ್ಣು ಮಿಟುಕಿಸಬಾರದು.

ಆಮೇಲೆ ಪೈಪನ್ನು ನಿಧಾನವಾಗಿ, ಬೇಕಾದರೆ ಪಂಪ್ ಮಾಡುತ್ತಲೇ ಎಳೆಯಿರಿ. ರಭಸದಿಂದ ಎಳೆದರೆ ಸಿರಿಂಜ್ ಎಳೆದಂತೆ ಗ್ಯಾಸ್ ಮತ್ತೆ ಒಳಗೆ ಬರುತ್ತದೆ. ಮೇಲೆ ಬಂದ ಒಂದೊಂದು ಪೈಪಿಗೂ ಎಷ್ಟು ಮಡ್ ಹಿಡಿಯಿತು ಅಂತ ಅಳೆಯುತ್ತಿರಿ.