ಟಿವಿಯ ಹಸಿರು ಗೆರೆ, ಓದದೇ ಹಾಕಿದ ಸಹಿ

2023ರ ಅಕ್ಟೋಬರ್‌ನಲ್ಲಿ, ಕ್ರಿಕೆಟ್ ವಿಶ್ವಕಪ್ ಶುರುವಾಗುವ ಹೊತ್ತಿಗೆ, ಸಾಗರದ ಪೇಟೆಯಲ್ಲೇ ಒಂದು 43 ಇಂಚಿನ ಟಿವಿ ತಂದೆವು. ಬಿಲ್ 31,990 ರೂಪಾಯಿ, ವಾರಂಟಿ ಒಂದು ವರ್ಷ. ಮರುವರ್ಷ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆ ಹಂಚು ಹಾರಿಸುವಂತೆ ಹೊಡೆಯುತ್ತಿದ್ದ ಒಂದು ಸಂಜೆ, ಪರದೆಯ ಎಡಗಡೆ ಮೇಲಿಂದ ಕೆಳಗಿನವರೆಗೆ ಹಸಿರು ಗೆರೆಯೊಂದು ಎದ್ದಿತು. ಅಮ್ಮ ನೋಡುತ್ತಿದ್ದ ಧಾರಾವಾಹಿಯ ಅತ್ತೆಯ ಮೂಗಿನ ಮೇಲೇ. ಮೊದಲ ದಿನ ನಗು ಬಂತು. ವಾರ ಕಳೆಯುವಷ್ಟರಲ್ಲಿ ಒಂದು ಗೆರೆ ಮೂರಾಗಿ, ಪಕ್ಕದಲ್ಲಿ ಅಂಗೈ ಅಗಲದ ಕಪ್ಪು ಪಟ್ಟಿಯೂ ಬಂದು ಕೂತಿತು.

ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ದಿನವಿಡೀ ನನ್ನ ಕೆಲಸವೇ ಕಾಗದಕ್ಕೆ ನಂಬರ್ ಹಾಕುವುದು. ಆದರೂ ಮನೆಯ ವಿಷಯಕ್ಕೆ ಬಂದಾಗ ಎಲ್ಲರ ಹಾಗೆ ಫೋನ್ ಹಿಡಿದುಕೊಂಡೆ. ಅಂಗಡಿಯವರು "ಸೇಲ್ ಆದ್ಮೇಲೆ ನಮ್ಮದೇನಿಲ್ಲ ಸರ್, ಕಂಪನಿಯ ಟೋಲ್ ಫ್ರೀಗೆ ಹಾಕಿ" ಅಂದರು. ಟೋಲ್ ಫ್ರೀಯಲ್ಲಿ ಪಾಪ ಒಳ್ಳೆಯ ಕನ್ನಡ. ದೂರಿನ ನಂಬರ್ ಮೆಸೇಜಿನಲ್ಲಿ ಬಂತು. ಆ ಮೆಸೇಜ್ ಅಳಿಸದೇ ಇಟ್ಟಿದ್ದೊಂದೇ ನಾನು ಆ ವಾರ ಮಾಡಿದ ಬುದ್ಧಿವಂತಿಕೆ. ವಾರಂಟಿ ಮುಗಿಯುವ ಮೊದಲೇ ದೂರು ಕೊಟ್ಟಿದ್ದೆ ಎನ್ನುವುದಕ್ಕೆ ಮುಂದೆ ಅದೇ ಸಾಕ್ಷಿಯಾಯಿತು.

ಐದನೇ ದಿನ ಶಿವಮೊಗ್ಗದಿಂದ ಸರ್ವಿಸ್‌ನ ಹುಡುಗ ಬಂದ. ಮಳೆಯಲ್ಲಿ ಬೈಕಿನಲ್ಲಿ ಬಂದವನು, ರೇನ್‌ಕೋಟ್ ಜಗಲಿಯಲ್ಲಿ ಬಿಚ್ಚಿಟ್ಟು, ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ ಹಿಂದಿನ ಮುಚ್ಚಳ ತೆಗೆದ. ಒಳಗೆ ಏನಿದೆ ಎನ್ನುವ ಕುತೂಹಲಕ್ಕೆ ಮಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಹುಡುಗ ಎರಡು ನಿಮಿಷ ನೋಡಿ, "ಪ್ಯಾನೆಲ್ ಹೋಗಿದೆ ಸರ್. ಒದ್ದೆ ಬಟ್ಟೆಯಲ್ಲಿ ಒರೆಸ್ತೀರಾ?" ಅಂತ ಕೇಳಿದ. ನಾನು ಬಾಯಿ ಬಿಡುವ ಮೊದಲೇ ಅಡುಗೆಮನೆಯಿಂದ ಅಮ್ಮ ಉತ್ತರ ಕೊಟ್ಟರು: "ಒರೆಸದೇ ಇರ್ಲಿಕ್ಕೆ ಆಗ್ತದಾ? ಧೂಳು ಕೂರ್ತದಲ್ಲ!"

ಅಲ್ಲಿಗೆ ಕೇಸು ಮುಗಿದ ಹಾಗೆಯೇ. ಅವನು ಏನೋ ಬರೆದ, ನಾನು ಸಹಿ ಹಾಕಿದೆ. ಕಾಲ್ ಕ್ಲೋಸ್ ಮಾಡಬೇಕು ಎಂದು ಒಟಿಪಿ ಕೇಳಿದ, ಅದನ್ನೂ ಕೊಟ್ಟೆ. ಕಾಫಿ ಕುಡಿದು ಹೋದ. ಆಮೇಲೆ ಜಾಬ್ ಶೀಟ್ ಓದಿದೆ. "ಲಿಕ್ವಿಡ್ ಡ್ಯಾಮೇಜ್. ಔಟ್ ಆಫ್ ವಾರಂಟಿ. ಕಸ್ಟಮರ್ ಅಗ್ರೀಡ್." ಪ್ಯಾನೆಲ್ ಬದಲಿಸಲು ಅಂದಾಜು 19,400 ರೂಪಾಯಿ. ನೀರು ಹೋಗಿದೆ ಎಂದು ಒಪ್ಪಿಕೊಂಡು ಸಹಿ ಮಾಡಿದವನು ನಾನೇ.

ಇದು ನನ್ನೊಬ್ಬನ ಕಥೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಒಬ್ಬರ ವಾಷಿಂಗ್ ಮೆಷಿನ್‌ಗೆ ಇಲಿ ಕಡಿತ, ಇನ್ನೊಬ್ಬರ ಫ್ರಿಜ್ಜಿನ ಬೋರ್ಡಿಗೆ ಹಲ್ಲಿ, ಮತ್ತೊಬ್ಬರಿಗೆ ವೋಲ್ಟೇಜ್. ಬರೆಯುವ ಕಾರಣ ಮಾತ್ರ ಬೇರೆ ಬೇರೆ, ಜಾಬ್ ಶೀಟಿನ ಕೊನೆಯ ಸಾಲು ಎಲ್ಲರದೂ ಒಂದೇ. ಇಲಿ ನಿಜವಾಗಿಯೂ ಕಡಿದಿದ್ದರೆ ಅದು ವಾರಂಟಿಗೆ ಬರುವುದಿಲ್ಲ, ಅದು ನ್ಯಾಯವೇ. ಕಡಿದ ವೈರ್ ತೋರಿಸಿ ಎಂದು ಅಲ್ಲೇ, ಮುಚ್ಚಳ ತೆಗೆದಿರುವಾಗಲೇ ಕೇಳಬೇಕು.

ನನಗೆ ದಾರಿ ತೋರಿಸಿದ್ದು ಪೇಟೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ. ಮಗನ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ. ಪ್ಯಾನೆಲ್ಲಿನ ಒಂದು ಅಂಚಿಗೆ ಉದ್ದಕ್ಕೂ ತೆಳುವಾದ ಫಿಲ್ಮ್ ತುಂಡುಗಳನ್ನು ಅಂಟಿಸಿರುತ್ತಾರಂತೆ. ಪ್ರತಿಯೊಂದರ ಮೇಲೂ ಒಂದು ಚಿಪ್. ಈ ಸಾಲನ್ನೇ ಅವನು ಡ್ರೈವರ್ ಪಟ್ಟಿ ಅನ್ನುವುದು. ಪರದೆಯ ಉದ್ದುದ್ದ ಸಾಲುಗಳಿಗೆ ಸಿಗ್ನಲ್ ಹೋಗುವುದು ಅದರ ಮೂಲಕ. ಆ ಅಂಟು ಬಿಟ್ಟರೆ ಉದ್ದ ಗೆರೆ ಬೀಳುತ್ತದೆ, ಚಿಪ್ಪೇ ಸತ್ತರೆ ಪಟ್ಟಿ ಕಪ್ಪಾಗುತ್ತದೆ. ಪರದೆಗೆ ನೀರು ಚಿಮುಕಿಸಿ ಒರೆಸುವವರ ಮನೆಯಲ್ಲಿ ನೀರು ಕೆಳಗಿನ ಅಂಚಿಗೆ ಇಳಿದು, ಅಲ್ಲಿರುವ ಫಿಲ್ಮ್ ಹಾಳಾಗುವುದೂ ಇದೆ. ಹಾಗಾಗಿ ಸರ್ವಿಸ್‌ನವರ ಮಾತು ಪೂರ್ತಿ ಕಟ್ಟುಕಥೆಯೇನಲ್ಲ.

"ಆದ್ರೆ ಇದ್ರಲ್ಲಿ ನೋಡು ಮಾರಾಯ" ಅಂದ. ನಡುವಿನ ಸಣ್ಣ ಬೋರ್ಡಿನಿಂದ ಹೊರಟ ಎರಡು ಚಪ್ಪಟೆ ಕೇಬಲ್‌ಗಳು ಟಿವಿಯ ಮೇಲಿನ ಅಂಚಿಗೆ ಹೋಗಿದ್ದವು. "ನಿನ್ನ ಟಿವೀದು ಡ್ರೈವರ್ ಪಟ್ಟಿ ಮೇಲಿದೆ. ಒರೆಸಿದ ನೀರು ಕೆಳಗೆ ಇಳೀತದೋ, ಮೇಲೆ ಹತ್ತತದೋ?"

ಅದೇ ರಾತ್ರಿ ಕಂಪನಿಯ ಗ್ರಾಹಕ ಸೇವೆಯ ವಿಳಾಸಕ್ಕೆ ಇಮೇಲ್ ಹಾಕಿದೆ. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ (ಮೊದಲ ಕರಡಿನಲ್ಲಿ ಬೇಕಾದಷ್ಟಿತ್ತು, ಹೆಂಡತಿ ಅಳಿಸಿಸಿದಳು). ಬಿಲ್ ನಂಬರ್, ಟಿವಿಯ ಸೀರಿಯಲ್ ನಂಬರ್, ದೂರಿನ ನಂಬರ್, ಗೆರೆ ಕಂಡ ದಿನ. ಜಾಬ್ ಶೀಟಿನ ಅಭಿಪ್ರಾಯಕ್ಕೆ ನನ್ನ ಒಪ್ಪಿಗೆ ಇಲ್ಲ, ಸಹಿ ಹಾಕಿದ್ದು ಭೇಟಿಗೆ ಮಾತ್ರ. ಡ್ರೈವರ್ ಪಟ್ಟಿ ಮೇಲಿನ ಅಂಚಿನಲ್ಲಿದೆ, ಅಲ್ಲಿ ತುಕ್ಕು ಅಥವಾ ನೀರಿನ ಕಲೆ ಇದ್ದರೆ ಫೋಟೋ ಕಳಿಸಿ. ಜೊತೆಗೆ ವಿಡಿಯೋ. ಉತ್ತರ ಮೂರನೇ ದಿನ ಬಂತು: ತಂತ್ರಜ್ಞರ ವರದಿಯೇ ಅಂತಿಮ, ಬೇಕಿದ್ದರೆ ಪ್ಯಾನೆಲ್ ಮೇಲೆ 30 ಪರ್ಸೆಂಟ್ ರಿಯಾಯಿತಿ. ಫೋಟೋದ ಸುದ್ದಿಯೇ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ರಿಯಾಯಿತಿ ಕೊಡಲು ಬಂದಾಗಲೇ ನನಗೆ ಧೈರ್ಯ ಬಂದಿದ್ದು.

ಆಮೇಲೆ 1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಎಷ್ಟೋ ಜನರಿಗೆ ಅಲ್ಲೇ ಬಗೆಹರಿದದ್ದುಂಟು. ನನಗೆ ಬಂದದ್ದು ಅದೇ 30 ಪರ್ಸೆಂಟ್.

ಸೆಪ್ಟೆಂಬರ್‌ನಲ್ಲಿ ನೋಟಿಸ್ ಕಳಿಸಿದೆ. ಇದಕ್ಕೆ ವಕೀಲರೇ ಬೇಕು ಅಂತಿಲ್ಲ, ನಾನೇ ಒಂದೂವರೆ ಪುಟ ಬರೆದೆ. ಅಂಗಡಿ, ಸರ್ವಿಸ್ ಸೆಂಟರ್, ಕಂಪನಿ ಮೂವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ, ಮರುಸ್ವೀಕೃತಿ ಸಮೇತ. (2025ರಲ್ಲಿ ಅಂಚೆಯವರು ರಿಜಿಸ್ಟರ್ಡನ್ನು ಸ್ಪೀಡ್ ಪೋಸ್ಟಿನೊಳಗೇ ಸೇರಿಸಿಬಿಟ್ಟಿದ್ದಾರೆ, ಈಗ ಕಳಿಸುವವರು ಅದರಲ್ಲೇ ಕಳಿಸಬೇಕು.) ಹದಿನೈದು ದಿನದಲ್ಲಿ ಪ್ಯಾನೆಲ್ ಉಚಿತವಾಗಿ ಬದಲಿಸಿ, ಇಲ್ಲವೇ ಹಣ ಹಿಂದಿರುಗಿಸಿ, ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಬರೆದಿದ್ದೆ. ಅಂಗಡಿಯ ಮಾಲೀಕರು ಸಂತೆಯಲ್ಲಿ ಸಿಕ್ಕಾಗ ಮುಖ ತಿರುಗಿಸಿದರು. ಸಣ್ಣ ಊರಿನಲ್ಲಿ ಇದೊಂದು ಕಷ್ಟ. ಆದರೆ ಬಿಲ್ಲಿನ ಕೆಳಗೆ "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದು ಅಚ್ಚು ಹಾಕಿಸಿದ್ದು ಅವರೇ ತಾನೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅನುಚಿತ ವ್ಯಾಪಾರ ಪದ್ಧತಿ. ನನ್ನ ಟಿವಿ ಕೆಟ್ಟದ್ದು ಹತ್ತು ತಿಂಗಳಾದ ಮೇಲೆ, ಹಾಗಾಗಿ ಆ ಮಾತು ನನಗೆ ಉಪಯೋಗಕ್ಕೆ ಬರಲಿಲ್ಲ. ಹೊಸದಾಗಿ ಕೊಂಡವರಿಗೆ ಬರುತ್ತದೆ.

ಬಿಲ್ ಅಂದಾಗ ನೆನಪಾಯಿತು. ನಮ್ಮದು ಥರ್ಮಲ್ ಕಾಗದದ ಬಿಲ್. ಹತ್ತು ತಿಂಗಳಿಗೆ ಅಕ್ಷರ ಮಾಸಿ ಟಿವಿಯ ಬೆಲೆ ಅರ್ಧ ಮಾತ್ರ ಕಾಣುತ್ತಿತ್ತು. ತಂದ ದಿನವೇ ಹೆಂಡತಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ತನಗೇ ಕಳಿಸಿಕೊಂಡಿದ್ದಳು. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲೇ ಇರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ನವೆಂಬರ್‌ನಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ಹಾಕಿದೆ. ಹಳೆಯ ಕಾನೂನಿನಲ್ಲಿ ಎದುರುದಾರರ ಊರು, ಅವರ ಶಾಖೆ ಎಂದೆಲ್ಲ ನೋಡಬೇಕಿತ್ತು. ಈಗ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನಿನಲ್ಲೂ ಆಗುತ್ತದೆ, ಆಗ ಅದರ ಹೆಸರು ಇ-ದಾಖಿಲ್, 2025ರಿಂದ ಇ-ಜಾಗೃತಿ. ನಾನು ಕಾಗದದ ಮನುಷ್ಯ, ಬಸ್ಸು ಹತ್ತಿದೆ.

ದೂರನ್ನು ಕನ್ನಡದಲ್ಲೇ ಬರೆದಿದ್ದೆ. ತಾರೀಕಿನ ಪ್ರಕಾರ ಒಂದೊಂದು ಪ್ಯಾರಾ, ಪ್ರತಿ ಪ್ಯಾರಾಕ್ಕೂ ಒಂದು ದಾಖಲೆ, ನೋಟರಿ ಮಾಡಿಸಿದ ಪ್ರಮಾಣಪತ್ರ, ವಿಡಿಯೋ ಹಾಕಿದ ಪೆನ್‌ಡ್ರೈವ್. ಕೊಂಡೊಯ್ದ ಸೆಟ್ ಸಾಲದೆ ಹೊರಗೆ ಹೋಗಿ ಮತ್ತೆ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಆಯೋಗಕ್ಕೆ ಬೇಕಾದಷ್ಟರ ಮೇಲೆ ಎದುರುದಾರರಿಗೆ ತಲಾ ಒಂದು ಸೆಟ್ ಇಡಬೇಕು. ಕೌಂಟರಿನವರು ಪುಟಸಂಖ್ಯೆ ಇಲ್ಲ ಎಂದು ಒಮ್ಮೆ ವಾಪಸ್ ಕೊಟ್ಟರು. ಇಪ್ಪತ್ತು ವರ್ಷ ಬೇರೆಯವರ ಅರ್ಜಿಗಳನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿದವನು ನಾನು. ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿ ನಂಬರ್ ಹಾಕಿದೆ.

ಕೇಳಿದ್ದು ಟಿವಿಯ ಪೂರ್ತಿ ಬೆಲೆ, 25,000 ರೂಪಾಯಿ ಪರಿಹಾರ ಮತ್ತು ಖರ್ಚು. ಒಂದು ಅಳುಕಿತ್ತು. ದೋಷ ಪರೀಕ್ಷೆಯಿಲ್ಲದೆ ತಿಳಿಯುವಂತಿಲ್ಲ ಅನ್ನಿಸಿದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕ ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ. ಪರೀಕ್ಷೆ ಬೇಡದ ಕೇಸನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಕಾಯ್ದೆಯಲ್ಲಿದೆ ಅಷ್ಟೇ, ಕ್ಯಾಲೆಂಡರಿಗೆ ಅದು ಗೊತ್ತಿರುವುದಿಲ್ಲ.

ಆಯೋಗದ ನೋಟಿಸ್ ತಲುಪಿದ ಮೇಲೆ ಲಿಖಿತ ಉತ್ತರ ಕೊಡಲು ಎದುರುದಾರರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದನ್ನು ಮೀರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ. ಈ ಗಡುವಿನ ಬಿಸಿಗೋ ಏನೋ, ಜನವರಿಯಲ್ಲಿ ಕಂಪನಿಯ ವಕೀಲರು ಮೊದಲ ಸಲ ಹಾಜರಾದವರು, ಹೊರಗೆ ಕಾರಿಡಾರಿನಲ್ಲಿ ನನ್ನ ಪಕ್ಕವೇ ಕೂತು, "ಸರ್, ಆ ವಿಡಿಯೋ ಒಮ್ಮೆ ತೋರಿಸ್ತೀರಾ?" ಎಂದರು. ಮೊಬೈಲಿನಲ್ಲೇ ತೋರಿಸಿದೆ. ಕೇಬಲ್ ಮೇಲಕ್ಕೆ ಹೋಗುವ ಜಾಗದಲ್ಲಿ ನಿಲ್ಲಿಸಿ ಕೊಟ್ಟೆ. ಹಿನ್ನೆಲೆಯಲ್ಲಿ ಅಮ್ಮನ "ಧೂಳು ಕೂರ್ತದಲ್ಲ" ಕೇಳಿಸಿತು. ಅವರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ವಾಯಿದೆಗೆ ರಾಜಿಯ ಪ್ರಸ್ತಾಪ ಬಂತು. ಮೊದಲು ಪ್ಯಾನೆಲ್ ಬದಲಿಸುತ್ತೇವೆ ಎಂದರು, ಬೇಡ ಎಂದೆ. ಕೊನೆಗೆ 31,990 ರೂಪಾಯಿ ಪೂರ್ತಿ ವಾಪಸ್, ಜೊತೆಗೆ ಖರ್ಚಿಗೆ 5,000. ಪರಿಹಾರದ 25,000 ಬಿಟ್ಟುಕೊಟ್ಟೆ. ಬಿಡಬಾರದಿತ್ತು, ಮುಂದುವರಿಸಿದ್ದರೆ ಇನ್ನೂ ಸಿಗುತ್ತಿತ್ತು ಎನ್ನುವವರಿದ್ದಾರೆ. ಇರಬಹುದು. ಅಷ್ಟರಲ್ಲಿ ಐದು ರಜೆ ಹೋಗಿತ್ತು, ಅಡಿಕೆ ಕೊಯ್ಲಿನ ಕಾಲ ಬೇರೆ. ರಾಜಿಯ ಮೆಮೊವನ್ನು ಈ ಸಲ ಮೂರು ಸಾರಿ ಓದಿದೆ. ಹಣ ಎಷ್ಟು ದಿನದೊಳಗೆ ಕೊಡಬೇಕು ಅಂತಲೇ ಅದರಲ್ಲಿ ಇರಲಿಲ್ಲ. 30 ದಿನ ಎಂದು ಸೇರಿಸಿದ ಮೇಲೆ ಸಹಿ ಹಾಕಿದೆ.

ಮಾರ್ಚ್‌ನಲ್ಲಿ ಹಣ ಖಾತೆಗೆ ಬಂತು. ಕೆಟ್ಟ ಟಿವಿ ಒಯ್ಯಲು ಗೂಡ್ಸ್ ಆಟೋದಲ್ಲಿ ಇಬ್ಬರು ಬಂದು, "ಬಾಕ್ಸ್ ಎಲ್ಲಿ ಸರ್?" ಎಂದು ಕೇಳಿದರು. ಬಾಕ್ಸ್ ಬಚ್ಚಲ ಒಲೆಗೆ ಹೋಗಿ ವರ್ಷವಾಗಿತ್ತು. ಅಮ್ಮ ಒಳಗಿನಿಂದ ಒಂದು ಕಂಬಳಿ ತಂದುಕೊಟ್ಟರು. ಅದರಲ್ಲಿ ಸುತ್ತಿಕೊಂಡು ಹೋದರು. ಆ ಕಂಬಳಿ ಇನ್ನೂ ವಾಪಸ್ ಬಂದಿಲ್ಲ.